ಚಿಹ್ನೆ ಗೊತ್ತು, ಮನುಷ್ಯ ಗೊತ್ತೇ?

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಮತದಾರರು ಹೊಲ-ಮನೆಯ ಕೆಲಸದ ನಡುವೆಯೇ ಅಭ್ಯರ್ಥಿಯ ಹಿನ್ನೆಲೆ ತಿಳಿಯುವ ದಾರಿಗಳು

ಜೇವರ್ಗಿಯಲ್ಲಿ 2008ರ ವಿಧಾನಸಭಾ ಚುನಾವಣೆಯ ಫಲಿತಾಂಶ ಹೊರಬಿದ್ದಾಗ ರಾಜ್ಯವೇ ಬೆರಗಾಗಿತ್ತು. ದಶಕಗಳ ಕಾಲ ಆ ಕ್ಷೇತ್ರವನ್ನು ಸತತವಾಗಿ ಪ್ರತಿನಿಧಿಸಿದ್ದ, 2004ರಲ್ಲಿ ಮುಖ್ಯಮಂತ್ರಿಯೂ ಆಗಿದ್ದ ಎನ್. ಧರ್ಮಸಿಂಗ್ ಅವರು ಬಿಜೆಪಿಯ ದೊಡ್ಡಪ್ಪಗೌಡ ಪಾಟೀಲ ನರಿಬೋಳ ಅವರೆದುರು ಸೋತಿದ್ದರು. ಅಂತರ ಬರೀ 70 ಮತ. ಹದಿನೈದು-ಇಪ್ಪತ್ತು ಮನೆಗಳ ಒಂದು ಓಣಿಯಲ್ಲಿ ಅಷ್ಟು ಮತ ಇರುತ್ತವೆ.

ಹತ್ತು ವರ್ಷ ಬಿಟ್ಟು ಅದೇ ಜಿಲ್ಲೆಯ ಆಳಂದಕ್ಕೆ ಬನ್ನಿ. 2018ರಲ್ಲಿ ಸುಭಾಷ ಗುತ್ತೇದಾರ ಅವರು ಬಿ.ಆರ್. ಪಾಟೀಲ ಅವರನ್ನು ಸೋಲಿಸಿದ್ದು 697 ಮತಗಳಿಂದ. 2023ರಲ್ಲಿ ಅದೇ ಬಿ.ಆರ್. ಪಾಟೀಲರು 10,348 ಮತಗಳಿಂದ ಗೆದ್ದರು. ಭೀಮಾ ತೀರದ ಅಫಜಲಪುರದಲ್ಲಿ ಅದೇ ವರ್ಷ ಕಾಂಗ್ರೆಸ್ಸಿನ ಎಂ.ವೈ. ಪಾಟೀಲರ ಗೆಲುವಿನ ಅಂತರ 4,594. ‘ನಮ್ಮೊಂದ್ ಓಟಿನಿಂದ ಏನಾಗ್ತದರೀ’ ಎಂದು ಈ ಸೀಮೆಯಲ್ಲಿ ಯಾರಾದರೂ ಕೇಳಿದರೆ ಈ ನಾಲ್ಕು ಅಂಕಿಗಳನ್ನು ಮುಂದಿಡಬಹುದು. ಇಷ್ಟು ತೆಳುವಾದ ಗೆರೆಯ ಮೇಲೆ ನಿರ್ಧಾರ ನಿಂತಿರುವ ಕಡೆ, ಮತ ಹಾಕುವ ಮುನ್ನ ಅಭ್ಯರ್ಥಿಯ ಬಗ್ಗೆ ಅರ್ಧ ಗಂಟೆ ಓದಿ ತಿಳಿಯುವುದು ವ್ಯರ್ಥ ಕೆಲಸವಾಗಲಾರದು.

ಪಕ್ಷ ನೋಡಿ ಹಾಕಿದರಾಯಿತು ಎನ್ನುವವರಿಗೂ ಈ ಮೂರು ಕ್ಷೇತ್ರಗಳ ಇತಿಹಾಸವೇ ಉತ್ತರ ಕೊಡುತ್ತದೆ. ಬಿ.ಆರ್. ಪಾಟೀಲರು 2013ರಲ್ಲಿ ಗೆದ್ದಿದ್ದು ಯಡಿಯೂರಪ್ಪನವರ ಕೆಜೆಪಿಯಿಂದ. ಮುಂದಿನ ಎರಡೂ ಚುನಾವಣೆಗಳಲ್ಲಿ ಅವರದು ಕಾಂಗ್ರೆಸ್. ಅವರ ಎದುರಾಳಿ ಸುಭಾಷ ಗುತ್ತೇದಾರರು ಜೆಡಿಎಸ್‌ನಲ್ಲಿದ್ದು ಆಮೇಲೆ ಬಿಜೆಪಿಗೆ ಬಂದವರು. ಜೇವರ್ಗಿಯಲ್ಲಿ ಧರ್ಮಸಿಂಗ್ ಅವರನ್ನು ಸೋಲಿಸಿದ ನರಿಬೋಳ ಅವರು 2023ರಲ್ಲಿ ಧರ್ಮಸಿಂಗ್ ಪುತ್ರ ಡಾ. ಅಜಯಸಿಂಗ್ ವಿರುದ್ಧ ನಿಂತಿದ್ದು ಜೆಡಿಎಸ್ ಚಿಹ್ನೆಯಡಿ. ಅಫಜಲಪುರದ ಕಥೆಯಂತೂ ಇನ್ನೂ ಸಿಕ್ಕುಸಿಕ್ಕು. ಕಾಂಗ್ರೆಸ್ಸಿನಿಂದ ಹಲವು ಸಲ ಗೆದ್ದ ಮಾಲೀಕಯ್ಯ ಗುತ್ತೇದಾರರು 2018ರಲ್ಲಿ ಬಿಜೆಪಿ ಸೇರಿದರು. 2023ರಲ್ಲಿ ಅವರ ಸ್ವಂತ ತಮ್ಮ ನಿತಿನ್ ಗುತ್ತೇದಾರ ಪಕ್ಷೇತರರಾಗಿ ಕಣಕ್ಕಿಳಿದು ಎರಡನೇ ಸ್ಥಾನಕ್ಕೆ ಬಂದರು, ಅಣ್ಣ ಮೂರನೆಯವರಾದರು. 2024ರಲ್ಲಿ ತಮ್ಮ ಬಿಜೆಪಿಗೆ ಹೋದರೆ ಅಣ್ಣ ಕಾಂಗ್ರೆಸ್ಸಿಗೆ ಮರಳಿದರು. ಪಕ್ಷಾಂತರ ಮಾಡಿದವರೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಟಿಕೆಟ್ಟಿನ ಲೆಕ್ಕಾಚಾರ ಯಾವ ಪಕ್ಷವನ್ನೂ ಬಿಟ್ಟಿಲ್ಲ. ಆದರೆ ಕೈ, ಕಮಲ, ತೆನೆಹೊತ್ತ ಮಹಿಳೆಯ ಚಿತ್ರ ನೋಡಿ ಮನುಷ್ಯನನ್ನು ಅಳೆಯಲು ಈ ನೆಲದಲ್ಲಿ ಆಗದು ಎಂಬುದಂತೂ ದಿಟ. ಚಿಹ್ನೆ ಬದಲಾಗುತ್ತದೆ. ಮನುಷ್ಯನ ಆಸ್ತಿ, ಅವನ ಮೇಲಿನ ಕೇಸು, ಅವನು ಸದನದಲ್ಲಿ ಕೇಳಿದ ಪ್ರಶ್ನೆ ಇವೆಲ್ಲ ಅವನ ಹೆಸರಿನಲ್ಲೇ ದಾಖಲೆಯಾಗಿ ಉಳಿಯುತ್ತವೆ.

ಮೊದಲು ನಿಮ್ಮ ಹೆಸರು

ಅಭ್ಯರ್ಥಿಯ ಬಗ್ಗೆ ಎಷ್ಟೇ ತಿಳಿದುಕೊಂಡರೂ ಪಟ್ಟಿಯಲ್ಲಿ ನಿಮ್ಮ ಹೆಸರೇ ಇಲ್ಲದಿದ್ದರೆ ಏನು ಬಂತು? ಈ ಮಾತು ಬೇರೆ ತಾಲ್ಲೂಕಿನಲ್ಲಿ ಎಚ್ಚರಿಕೆಯ ಮಾತಷ್ಟೇ ಆದೀತು. ಆಳಂದದಲ್ಲಿ ಇದು ನಡೆದ ಸಂಗತಿ.

2023ರ ಚುನಾವಣೆಗೆ ಕೆಲವೇ ತಿಂಗಳ ಮೊದಲು, ಮತದಾರರ ಹೆಸರು ತೆಗೆದುಹಾಕುವಂತೆ ಕೋರುವ ನಮೂನೆ 7ರ ಅರ್ಜಿಗಳು ಆಳಂದ ಕ್ಷೇತ್ರಕ್ಕೆ ಆನ್‌ಲೈನ್ ಮೂಲಕ ರಾಶಿರಾಶಿಯಾಗಿ ಬಂದವು. ಒಟ್ಟು 6,018. ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಒಬ್ಬರ ಕಣ್ಣಿಗೆ ತಮ್ಮ ಹತ್ತಿರದ ಸಂಬಂಧಿಯದೇ ಹೆಸರು ತೆಗೆಯುವ ಅರ್ಜಿ ಬಿತ್ತು. ವಿಚಾರಿಸಿದರೆ, ಅರ್ಜಿ ಹಾಕಿದವರೆಂದು ದಾಖಲಾದವರಿಗೂ ಅದರ ಸುಳಿವಿರಲಿಲ್ಲ, ಹೆಸರು ಕಳೆದುಕೊಳ್ಳಬೇಕಿದ್ದವರಿಗೂ ಇರಲಿಲ್ಲ. ದೂರು ಹೋಯಿತು. ಪರಿಶೀಲನೆ ನಡೆದಾಗ 6,018 ಅರ್ಜಿಗಳಲ್ಲಿ ಸಾಚಾ ಎನಿಸಿದ್ದು 24 ಮಾತ್ರ. ಉಳಿದ 5,994 ತಿರಸ್ಕೃತವಾದವು ಎಂದು ಚುನಾವಣಾ ಆಯೋಗವೇ ಹೇಳಿದೆ. 2023ರ ಫೆಬ್ರವರಿಯಲ್ಲಿ ಆಳಂದ ಠಾಣೆಯಲ್ಲಿ ಎಫ್‌ಐಆರ್ ಆಯಿತು, ತನಿಖೆ ಸಿಐಡಿಗೆ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ರಾಹುಲ್ ಗಾಂಧಿ ದೆಹಲಿಯ ಪತ್ರಿಕಾಗೋಷ್ಠಿಯಲ್ಲಿ ಆಳಂದದ ಹೆಸರೆತ್ತಿದ ಮೇಲೆ ದೇಶವೇ ಇತ್ತ ತಿರುಗಿ ನೋಡಿತು. ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ (ಎಸ್‌ಐಟಿ) ರಚಿಸಿತು. ಒಂದೊಂದು ಅರ್ಜಿಗೆ 80 ರೂಪಾಯಿಯಂತೆ ಹಣ ಸಂದಾಯವಾಗಿತ್ತು ಎಂದು ಆ ತನಿಖೆಯಲ್ಲಿ ಕಂಡುಬಂದದ್ದು ಪತ್ರಿಕೆಗಳಲ್ಲಿ ವರದಿಯಾಗಿದೆ. ಯಾರು ಮಾಡಿಸಿದರು ಎಂಬುದನ್ನು ನ್ಯಾಯಾಲಯ ಹೇಳಬೇಕು.

ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಬೇರೆ. ಇಷ್ಟು ದೊಡ್ಡ ಕೃತ್ಯ ಬಯಲಾದದ್ದು ಯಾವುದೋ ದೊಡ್ಡ ಕಚೇರಿಯ ಕಂಪ್ಯೂಟರಿನಿಂದಲ್ಲ. ಊರಿನ ಮಂದಿಯ ಹೆಸರು, ಮುಖ, ಮನೆ ಗೊತ್ತಿದ್ದ ಒಬ್ಬರು ಪಟ್ಟಿಯನ್ನು ಕಣ್ಣಿಟ್ಟು ನೋಡಿದ್ದರಿಂದ. ಆ ಕೆಲಸ ನಾವೂ ಮಾಡಬಹುದು. ಗುರುತಿನ ಚೀಟಿಯ ಸಂಖ್ಯೆ ಹಾಕಿದರೆ ಆಯೋಗದ ಮತದಾರರ ಜಾಲತಾಣದಲ್ಲಿ ಹೆಸರು ಇದೆಯೋ ಇಲ್ಲವೋ ನಿಮಿಷದಲ್ಲಿ ತಿಳಿಯುತ್ತದೆ. 1950ಕ್ಕೆ ಫೋನು ಮಾಡಿದರೂ ಆದೀತು. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಊರಿನ ಬಿಎಲ್‌ಒ ಬಳಿ ಭಾಗವಾರು ಪಟ್ಟಿ ಇರುತ್ತದೆ. ಹೆಚ್ಚಿನ ಕಡೆ ಅವರು ಅಂಗನವಾಡಿ ಕಾರ್ಯಕರ್ತೆಯೋ ಶಾಲೆಯ ಮಾಸ್ತರರೋ ಆಗಿರುತ್ತಾರೆ. ನೋಡುವಾಗ ಮುಂಬೈ, ಪುಣೆ, ಬೆಂಗಳೂರಿಗೆ ದುಡಿಯಲು ಹೋದ ಅಣ್ಣತಮ್ಮಂದಿರ ಹೆಸರನ್ನೂ ನೋಡಿ. ಮನೆಗೆ ಬೀಗ ಬಿದ್ದಿದ್ದರೆ ‘ಊರು ಬಿಟ್ಟಿದ್ದಾರೆ’ ಎಂದು ಹೆಸರು ತೆಗೆಸುವುದು ಸುಲಭ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದರೆ ಆ ಚುನಾವಣೆಯ ಪಟ್ಟಿಗೆ ಹೊಸ ಹೆಸರು ಸೇರದು. ಹಾಗಾಗಿ ಈ ಕೆಲಸಕ್ಕೆ ಪ್ರಚಾರದ ಜೀಪು ಬರುವವರೆಗೆ ಕಾಯಬಾರದು.

ಅಫಿಡವಿಟ್ ಎಂಬ ಜಾತಕ

ವಿಧಾನಸಭೆಗೋ ಲೋಕಸಭೆಗೋ ನಿಲ್ಲುವ ಪ್ರತಿ ಅಭ್ಯರ್ಥಿ ನಾಮಪತ್ರದ ಜೊತೆ ನಮೂನೆ 26ರ ಪ್ರಮಾಣಪತ್ರ ಕೊಡಲೇಬೇಕು. ಊರ ಕಟ್ಟೆಯ ಮೇಲೆ ಎಲ್ಲರೂ ‘ಅಫಿಡವಿಟ್’ ಅನ್ನುವುದು ಇದಕ್ಕೇ. ಇದು ಆಳುವವರು ತಾವಾಗಿ ಕೊಟ್ಟದ್ದಲ್ಲ. ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) ಸಂಸ್ಥೆ ನ್ಯಾಯಾಲಯದ ಮೆಟ್ಟಿಲೇರಿ, 2002ರ ಮೇ 2ರಂದು ಸುಪ್ರೀಂ ಕೋರ್ಟಿನಿಂದ ತೀರ್ಪು ಪಡೆಯಿತು: ಅಭ್ಯರ್ಥಿಯ ಹಿನ್ನೆಲೆ ತಿಳಿಯುವುದು ಮತದಾರನ ಮೂಲಭೂತ ಹಕ್ಕು. ಆ ತೀರ್ಪನ್ನು ಸಡಿಲಗೊಳಿಸಲು ಸಂಸತ್ತು ಕಾನೂನು ತಂದಾಗ, 2003ರ ಮಾರ್ಚ್ 13ರಂದು ಕೋರ್ಟು ಅದನ್ನೂ ಹೊಡೆದುಹಾಕಿತು. ಕಾಲಂ ಖಾಲಿ ಬಿಡುವಂತಿಲ್ಲ ಎಂದು 2013ರಲ್ಲಿ, ಗಂಡ-ಹೆಂಡತಿ ಮತ್ತು ಅವಲಂಬಿತರ ಆದಾಯದ ಮೂಲವನ್ನೂ ಹೇಳಬೇಕು ಎಂದು 2018ರಲ್ಲಿ ಮತ್ತೆ ಕೋರ್ಟೇ ಹೇಳಬೇಕಾಯಿತು. ಇಷ್ಟು ಜನ ಇಷ್ಟು ವರ್ಷ ಬಡಿದಾಡಿ ತಂದುಕೊಟ್ಟ ಕಾಗದವನ್ನು ನಾವು ಓದದೆ ಬಿಟ್ಟರೆ ಅದು ದೊಡ್ಡ ನಷ್ಟ.

ಒಂದು ಮಾತು ಮೊದಲೇ ತಿಳಿದಿರಲಿ. ಚುನಾವಣಾಧಿಕಾರಿ ಅಫಿಡವಿಟ್ ತುಂಬಿದೆಯೇ, ಸಹಿ ಇದೆಯೇ ಎಂದು ನೋಡುತ್ತಾರೆಯೇ ಹೊರತು ಅದರಲ್ಲಿ ಬರೆದದ್ದು ನಿಜವೇ ಎಂದು ತನಿಖೆ ಮಾಡುವುದಿಲ್ಲ. ಮಾಹಿತಿ ಸುಳ್ಳು ಎಂಬ ಕಾರಣಕ್ಕೆ ನಾಮಪತ್ರ ತಿರಸ್ಕರಿಸುವ ಅಧಿಕಾರವೂ ಅವರಿಗಿಲ್ಲ. ಸುಳ್ಳನ್ನು ಎತ್ತಿ ತೋರಿಸುವ ಕೆಲಸ ಊರಿನವರದು, ಎದುರಾಳಿಗಳದು, ಪತ್ರಿಕೆಗಳದು. ಯಾವ ನಾಗರಿಕರೇ ಆಗಲಿ ಪ್ರತಿ-ಪ್ರಮಾಣಪತ್ರ ಸಲ್ಲಿಸಬಹುದು. ಅದನ್ನೂ ಸಾರ್ವಜನಿಕರಿಗೆ ಕಾಣುವಂತೆ ಹಾಕಬೇಕೆಂಬುದು ಆಯೋಗದ ಸೂಚನೆ. ಗೆದ್ದ ಮೇಲೂ ಬಾಗಿಲು ಮುಚ್ಚಿರುವುದಿಲ್ಲ. ಫಲಿತಾಂಶ ಬಂದ 45 ದಿನದೊಳಗೆ ಕ್ಷೇತ್ರದ ಯಾವ ಮತದಾರರೂ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಹಾಸನದಿಂದ 2019ರಲ್ಲಿ ಲೋಕಸಭೆಗೆ ಗೆದ್ದಿದ್ದ ಪ್ರಜ್ವಲ್ ರೇವಣ್ಣ ಅವರ ಆಯ್ಕೆಯನ್ನು, ಪ್ರಮಾಣಪತ್ರದಲ್ಲಿ ಆಸ್ತಿ ಮರೆಮಾಚಿದ ಕಾರಣಕ್ಕೆ, ಕರ್ನಾಟಕ ಹೈಕೋರ್ಟು 2023ರ ಸೆಪ್ಟೆಂಬರ್ 1ರಂದು ಅಸಿಂಧುಗೊಳಿಸಿದ್ದು ನೆನಪಿರಬಹುದು. ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಆದರೂ ಅಫಿಡವಿಟ್ ಎಂದರೆ ಬರೀ ಶಾಸ್ತ್ರದ ಕಾಗದ ಎಂದುಕೊಂಡವರಿಗೆ ಆ ತೀರ್ಪು ಬಿಸಿ ಮುಟ್ಟಿಸಿತು.

ಈಗ ಕಾಗದವನ್ನೇ ಕೈಗೆತ್ತಿಕೊಳ್ಳೋಣ. ಆಯೋಗದ ಅಫಿಡವಿಟ್ ಜಾಲತಾಣದಲ್ಲಿ ಚುನಾವಣೆ, ರಾಜ್ಯ, ಕ್ಷೇತ್ರ ಆರಿಸಿದರೆ ಅಭ್ಯರ್ಥಿಗಳ ಫೋಟೊ ಸಾಲಾಗಿ ಬರುತ್ತದೆ. ಬೇಕಾದವರ ಹೆಸರು ಒತ್ತಿದರೆ ಪೂರ್ತಿ ಪ್ರಮಾಣಪತ್ರ ಇಳಿಸಿಕೊಳ್ಳಬಹುದು. ಎಡಿಆರ್‌ನ ‘ಮೈನೇತಾ’ ತಾಣದಲ್ಲಿ ಇದೇ ಮಾಹಿತಿ ಪಟ್ಟಿಯ ರೂಪದಲ್ಲಿ ಸಿಗುತ್ತದೆ, ಹಳೆಯ ಚುನಾವಣೆಗಳದ್ದೂ ಸೇರಿ. ನಮ್ಮ ಕಡೆ ಒಂದು ಎಚ್ಚರ ಬೇಕು. ಮೂರೂ ಕ್ಷೇತ್ರಗಳಲ್ಲಿ ಪಾಟೀಲರೂ ಗುತ್ತೇದಾರರೂ ಒಬ್ಬಿಬ್ಬರಲ್ಲ. ಹೆಸರಿನ ಜೊತೆ ತಂದೆಯ ಹೆಸರು, ಊರು, ಫೋಟೊ ಹೊಂದಿಸಿ ನೋಡದಿದ್ದರೆ ಒಬ್ಬರ ಕೇಸು ಇನ್ನೊಬ್ಬರ ತಲೆಗೆ ಕಟ್ಟುವ ಅಪಾಯವಿದೆ.

ಮೊದಲು ಕ್ರಿಮಿನಲ್ ಪ್ರಕರಣಗಳ ಭಾಗಕ್ಕೆ ಹೋಗಿ. ಎಫ್‌ಐಆರ್ ಸಂಖ್ಯೆ, ಠಾಣೆ, ಕೋರ್ಟು, ಕಲಂ, ದೋಷಾರೋಪ ಹೊರಿಸಲಾಗಿದೆಯೇ ಎಂಬುದೆಲ್ಲ ಅಲ್ಲಿರುತ್ತದೆ. ಎಷ್ಟು ಕೇಸು ಎಂದು ಎಣಿಸಿ ನಿಲ್ಲಬೇಡಿ. ಯಾವ ಕಲಂ ಎಂದು ನೋಡಿ. ತೊಗರಿಗೆ ಬೆಂಬಲ ಬೆಲೆ ಕೇಳಿ ಹೆದ್ದಾರಿಯಲ್ಲಿ ಕುಳಿತ ಹೋರಾಟಗಾರರ ಮೇಲೂ ಅಕ್ರಮ ಕೂಟದ 143, ದಾರಿ ತಡೆದ 341 ಬೀಳುತ್ತವೆ. ಅಂಥ ನಾಲ್ಕು ಕೇಸು ಇರುವವರನ್ನೂ, ಕೊಲೆ ಯತ್ನದ 307 ಅಥವಾ ವಂಚನೆಯ 420 ಇರುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ಅಂಕಿಗಳೂ ಬದಲಾಗಿವೆ: ಕೊಲೆ 302 ಇದ್ದದ್ದು ಈಗ 103, ಕೊಲೆ ಯತ್ನ 109, ಅತ್ಯಾಚಾರ 376 ಇದ್ದದ್ದು 64, ವಂಚನೆ 318, ಸುಲಿಗೆ 308. ಹಳೆಯ ಕೇಸಿಗೆ ಹಳೆಯ ಅಂಕಿ, ಹೊಸದಕ್ಕೆ ಹೊಸ ಅಂಕಿ ಇರುವುದರಿಂದ ಮುಂದಿನ ಅಫಿಡವಿಟ್‌ಗಳಲ್ಲಿ ಎರಡೂ ಬೆರೆತು ಬರುತ್ತವೆ. ಕೇಸು ಯಾವ ಹಂತದಲ್ಲಿದೆ ಎಂದು ತಿಳಿಯಲು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೋರ್ಟು ಮತ್ತು ಕೇಸು ಸಂಖ್ಯೆ ಹಾಕಿದರೆ ಸಾಕು. ಎಫ್‌ಐಆರ್ ಆದ ಮಾತ್ರಕ್ಕೆ ಅಪರಾಧಿಯಲ್ಲ ಎಂಬುದು ನಿಜ. ಆದರೆ ವರ್ಷಗಳ ಹಿಂದೆಯೇ ದೋಷಾರೋಪ ಹೊರಿಸಲಾದ ಗಂಭೀರ ಕೇಸು ಇನ್ನೂ ಎಳೆಯುತ್ತಿದ್ದರೆ ಅದನ್ನು ಪಕ್ಕಕ್ಕೆ ತಳ್ಳಬಾರದು. 2023ರಲ್ಲಿ ಗೆದ್ದ ನಮ್ಮ ಶಾಸಕರಲ್ಲಿ 223 ಮಂದಿಯ ಅಫಿಡವಿಟ್ ನೋಡಿದ ಎಡಿಆರ್, 122 ಜನ ತಮ್ಮ ಮೇಲೆ ಕ್ರಿಮಿನಲ್ ಕೇಸು ಇರುವುದಾಗಿ ಘೋಷಿಸಿದ್ದಾರೆ ಎಂದಿತು. ಅರ್ಧಕ್ಕಿಂತ ಹೆಚ್ಚು.

ಕೇಸು ಇರುವವರು ಅದನ್ನು ಪ್ರಚಾರದ ಅವಧಿಯಲ್ಲಿ ಮೂರು ಸಲ ಪತ್ರಿಕೆ ಮತ್ತು ಟಿ.ವಿ.ಯಲ್ಲಿ ಪ್ರಕಟಿಸಬೇಕೆಂದು 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬೇರೆ ಯಾರೂ ಸಿಗದೆ ಇಂಥವರಿಗೇ ಟಿಕೆಟ್ ಏಕೆ ಕೊಟ್ಟಿರಿ ಎಂದು ಪಕ್ಷವೂ ಕಾರಣ ಬರೆದು ಪ್ರಕಟಿಸಬೇಕು ಎಂದಿತು 2020ರ ಆದೇಶ. ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಆ ಪ್ರಕಟಣೆಯನ್ನು ಚುನಾವಣೆಯ ದಿನಗಳಲ್ಲಿ ಹುಡುಕಿ ಓದಿ. ‘ಗೆಲ್ಲುವ ಸಾಮರ್ಥ್ಯ’ ಒಂದನ್ನೇ ಕಾರಣವಾಗಿ ಕೊಡುವಂತಿಲ್ಲ ಎಂದು ಕೋರ್ಟು ಸ್ಪಷ್ಟವಾಗಿ ಹೇಳಿರುವುದರಿಂದ, ಪಕ್ಷ ಏನು ಬರೆದಿದೆ ಎನ್ನುವುದೇ ಆ ಪಕ್ಷದ ಬಗ್ಗೆ ಬಹಳ ಹೇಳುತ್ತದೆ.

ಪಹಣಿ ಓದಬಲ್ಲವರಿಗೆ ಆಸ್ತಿ ಪಟ್ಟಿ ಕಷ್ಟವೇ?

ಆಸ್ತಿಯ ಭಾಗ ಬಂದಾಗ ಪೇಟೆಯ ಲೆಕ್ಕಪರಿಶೋಧಕರಿಗಿಂತ ಹಳ್ಳಿಯ ರೈತನೇ ಮೇಲು ಎಂದು ನಾನು ನಂಬುತ್ತೇನೆ. ನಮೂನೆ 26ರಲ್ಲಿ ಕೃಷಿ ಜಮೀನಿನ ಊರು, ಸರ್ವೆ ನಂಬರು, ವಿಸ್ತೀರ್ಣ, ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಕೊಂಡ ದಿನಾಂಕ, ಕೊಂಡ ಬೆಲೆ, ಇಂದಿನ ಮಾರುಕಟ್ಟೆ ಬೆಲೆ ಎಲ್ಲ ಬರೆಯಬೇಕು. ಆ ಸರ್ವೆ ನಂಬರನ್ನು ‘ಭೂಮಿ’ ಜಾಲತಾಣದಲ್ಲಿ ಹಾಕಿದರೆ ಪಹಣಿ ತೆರೆಯುತ್ತದೆ. ನೋಡಲು ಯಾರ ಅನುಮತಿಯೂ ಬೇಡ. ಒಂಬತ್ತನೇ ಕಾಲಮ್ಮಿನಲ್ಲಿ ಮಾಲೀಕರ ಹೆಸರು, ಹತ್ತರಲ್ಲಿ ಜಮೀನು ಬಂದ ಬಗೆ, ಹನ್ನೊಂದರಲ್ಲಿ ಬ್ಯಾಂಕಿನ ಬೋಜಾ. ಬೆಳೆ ಸಾಲಕ್ಕೆ, ಬೆಳೆ ವಿಮೆಗೆ ಎಂದು ವರ್ಷಕ್ಕೆ ಹತ್ತು ಸಲ ಈ ಕಾಗದ ಹಿಡಿದು ಓಡಾಡುವ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ತನ್ನ ಊರ ಸೀಮೆಯಲ್ಲಿ ಎಕರೆಗೆ ನಿಜವಾದ ರೇಟು ಎಷ್ಟು, ಅಫಿಡವಿಟ್‌ನಲ್ಲಿ ಎಷ್ಟು ಬರೆದಿದ್ದಾರೆ, ಕಬ್ಬಿನ ಹೊಲವನ್ನು ಖುಷ್ಕಿ ಎಂದು ತೋರಿಸಿದ್ದಾರೋ ಹೇಗೆ ಎಂಬುದು ಅವನಿಗೆ ನೋಡಿದ ಕೂಡಲೇ ತಿಳಿಯುತ್ತದೆ.

ಒಂದು ಅಫಿಡವಿಟ್ ಓದುವುದಕ್ಕಿಂತ ಅದೇ ವ್ಯಕ್ತಿಯ ಎರಡನ್ನು ಅಕ್ಕಪಕ್ಕ ಇಟ್ಟು ಓದುವುದರಲ್ಲಿ ಹೆಚ್ಚು ತಿಳಿವಿದೆ. 2018ರದ್ದೂ 2023ರದ್ದೂ ಇಟ್ಟುಕೊಳ್ಳಿ. ಆಸ್ತಿ ಹೆಚ್ಚಿದ್ದೇ ತಪ್ಪಲ್ಲ. ಹೆದ್ದಾರಿ ಬಂದ ಕಡೆ ಜಮೀನಿನ ಬೆಲೆ ತಾನಾಗಿಯೇ ಏರುತ್ತದೆ. ಹೊಸ ಸರ್ವೆ ನಂಬರು ಸೇರಿದೆಯೇ, ಬೆಂಗಳೂರು-ಹೈದರಾಬಾದಿನಲ್ಲಿ ನಿವೇಶನ ಬಂದಿದೆಯೇ, ಹಾಗೆ ಕೊಳ್ಳುವಷ್ಟು ಆದಾಯವನ್ನು ಅದೇ ಕಾಗದದ ಐದು ವರ್ಷದ ಆದಾಯ ತೆರಿಗೆಯ ಅಂಕಿಗಳು ತೋರಿಸುತ್ತವೆಯೇ ಎನ್ನುವುದು ಪ್ರಶ್ನೆ. ಹೋದ ಸಲ ಇದ್ದ ಆಸ್ತಿ ಈ ಸಲ ಮಾಯವಾಗಿದ್ದರೆ ಅದನ್ನೂ ಕೇಳಬೇಕು. ಗೆದ್ದ ಶಾಸಕರು ಇಷ್ಟಕ್ಕೇ ಬಿಡುಗಡೆಯಾಗುವುದಿಲ್ಲ. ಕರ್ನಾಟಕ ಲೋಕಾಯುಕ್ತ ಕಾಯ್ದೆಯಂತೆ ಪ್ರತಿವರ್ಷ ಜೂನ್ 30ರೊಳಗೆ ಅವರು ಲೋಕಾಯುಕ್ತರಿಗೆ ಆಸ್ತಿ ವಿವರ ಕೊಡಬೇಕು. ಕೊಡದವರ ಹೆಸರು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ನಿಮ್ಮ ಶಾಸಕರ ಹೆಸರು ಅದರಲ್ಲಿತ್ತೇ?

ಇನ್ನೊಂದು ಕಾಲಮ್ಮಿನ ಮೇಲೆ ನಮ್ಮ ಭಾಗದವರು ವಿಶೇಷವಾಗಿ ಬೆರಳಿಡಬೇಕು: ಸರ್ಕಾರದ ಜೊತೆ ಅಭ್ಯರ್ಥಿಗೆ, ಅವರ ಪತಿ-ಪತ್ನಿಗೆ, ಅವಲಂಬಿತರಿಗೆ ಇರುವ ಗುತ್ತಿಗೆಗಳು. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ದೊಡ್ಡ ಮೊತ್ತ ಹರಿಯುತ್ತಿದೆ. 2023-24ರ ಬಜೆಟ್ಟಿನಲ್ಲಿ ಘೋಷಿಸಿದ್ದೇ 5,000 ಕೋಟಿ ರೂಪಾಯಿ. ರಸ್ತೆ, ಶಾಲಾ ಕೋಣೆ, ಸಮುದಾಯ ಭವನದ ಕೆಲಸಗಳನ್ನು ಯಾರು ಮಾಡುತ್ತಿದ್ದಾರೆ, ಅವರಿಗೂ ನಾಯಕರಿಗೂ ಏನು ನಂಟು ಎಂಬುದು ಊರಿನವರಿಗೆ ಗೊತ್ತಿರುವ ಗುಟ್ಟು. ಆ ಕಾಲಮ್ಮಿನಲ್ಲಿ ‘ಇಲ್ಲ’ ಎಂದು ಬರೆದಿದ್ದರೆ ಊರಿಗೆ ಗೊತ್ತಿರುವುದನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು.

ಅಫಿಡವಿಟ್‌ಗಳ ಬಗ್ಗೆ ನನಗಿರುವ ದೊಡ್ಡ ತಕರಾರು ಭಾಷೆಯದು. ಕನ್ನಡದಲ್ಲಿ ಮತ ಕೇಳುವವರು, ಕನ್ನಡದಲ್ಲೇ ಭಾಷಣ ಮಾಡುವವರು ಪ್ರಮಾಣಪತ್ರವನ್ನು ಮಾತ್ರ ವಕೀಲರ ಇಂಗ್ಲಿಷಿನಲ್ಲಿ ಟೈಪು ಮಾಡಿಸಿ, ಮಸುಕಾಗಿ ಸ್ಕ್ಯಾನು ಮಾಡಿಸಿ ಕೊಡುವುದು ಎಲ್ಲ ಪಕ್ಷಗಳಲ್ಲೂ ಇದೆ. ಮತದಾರನ ಹಕ್ಕು ಎಂದು ಕೋರ್ಟು ಹೇಳಿದ ಮೇಲೆ ಅದು ಮತದಾರ ಓದಬಲ್ಲ ಭಾಷೆಯಲ್ಲೇ ಇರಬೇಕು. ಕನ್ನಡದ ಪ್ರತಿಯನ್ನು ಕಡ್ಡಾಯ ಮಾಡುವುದು ಆಯೋಗಕ್ಕೆ ಕಷ್ಟದ ಕೆಲಸವೇನಲ್ಲ.

ಐದು ವರ್ಷ ಎಲ್ಲಿದ್ದರು?

ಹಿಂದೊಮ್ಮೆ ಗೆದ್ದವರು ಮತ್ತೆ ನಿಂತಿದ್ದರೆ ಅಫಿಡವಿಟ್ ಒಂದರಲ್ಲೇ ತೃಪ್ತಿಪಡಬಾರದು. ಕರ್ನಾಟಕ ವಿಧಾನಸಭೆಯ ಜಾಲತಾಣದಲ್ಲಿ ಸದಸ್ಯರು ಕೇಳಿದ ಪ್ರಶ್ನೆಗಳೂ ಸಚಿವರು ಕೊಟ್ಟ ಉತ್ತರಗಳೂ ಸದನದ ಕಲಾಪವೂ ಕನ್ನಡದಲ್ಲೇ ಇವೆ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವುದು ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ, ನಮ್ಮಲ್ಲಿ ತೊಗರಿ ರಾಶಿಗೆ ಬರುವ ಹೊತ್ತಿಗೆ. ನೆಟೆ ರೋಗಕ್ಕೆ ತೊಗರಿ ಒಣಗಿದಾಗ, ಭೀಮಾ ನೀರು ಹೊಲಕ್ಕೆ ನುಗ್ಗಿದಾಗ, ಬೆಳೆ ವಿಮೆ ಬಾರದಿದ್ದಾಗ ನಮ್ಮ ಪ್ರತಿನಿಧಿ ಅಲ್ಲಿ ಎದ್ದು ನಿಂತು ಕೇಳಿದರೇ? ಕೇಳಿದ್ದರೆ ದಾಖಲೆಯಲ್ಲಿ ಇದ್ದೇ ಇರುತ್ತದೆ. ಊರಲ್ಲಿ ಮೈಕು ಹಿಡಿದು ಕೂಗುವವರೆಲ್ಲ ಸದನದಲ್ಲಿ ಬಾಯಿ ತೆರೆಯುವುದಿಲ್ಲ; ಊರಲ್ಲಿ ಮೌನವಾಗಿರುವ ಕೆಲವರು ಅಲ್ಲಿ ಗಟ್ಟಿಯಾಗಿ ಮಾತಾಡಿರುತ್ತಾರೆ.

ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿಯ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಇದೆ. ಅದರ ಕಾಮಗಾರಿ ಪಟ್ಟಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಿಗುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದದೊಳಗೆ ಇರಬೇಕು ಎಂಬ ನಿಯಮವಿರುವುದರಿಂದ, ‘ಇಂಥ ವರ್ಷದಿಂದ ಇಂಥ ವರ್ಷದವರೆಗೆ ನಮ್ಮ ಕ್ಷೇತ್ರದಲ್ಲಿ ಶಾಸಕರ ನಿಧಿಯಿಂದ ಕೈಗೊಂಡ ಕಾಮಗಾರಿಗಳ ಊರುವಾರು ಪಟ್ಟಿ’ ಎಂದಷ್ಟೇ ಬರೆದರೆ ಸಾಕು. ಉತ್ತರಕ್ಕೆ 30 ದಿನ ಕಾಲಾವಕಾಶವಿದೆ. ಚುನಾವಣೆ ಘೋಷಣೆಯಾದ ಮೇಲೆ ಹಾಕಿದರೆ ಮತದಾನದೊಳಗೆ ಕೈಗೆ ಸಿಗುವುದು ಅನುಮಾನ. ಪಟ್ಟಿ ಬಂದ ಮೇಲೆ ಅದರಲ್ಲಿರುವ ನಿಮ್ಮೂರ ಕೆಲಸ ನಿಜವಾಗಿ ನಿಂತಿದೆಯೇ ಎಂದು ಹೋಗಿ ನೋಡಿ.

ಇಷ್ಟಕ್ಕೆಲ್ಲ ಸಮಯವೆಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. 2023ರ ಚುನಾವಣೆಯಲ್ಲಿ ನಾಮಪತ್ರ ಹಿಂಪಡೆಯುವ ಕೊನೆಯ ದಿನ ಏಪ್ರಿಲ್ 24, ಮತದಾನ ಮೇ 10. ನಡುವೆ ಎರಡು ವಾರ ಚಿಲ್ಲರೆ. ಕಲಬುರಗಿಯ ಬಿರುಬಿಸಿಲು, ಮದುವೆ ಸುಗ್ಗಿ, ಜಾತ್ರೆಗಳ ಕಾಲ. ಬೆಳಿಗ್ಗೆ ಕೂಲಿಗೆ ಹೋಗಿ ಸಂಜೆ ಒಲೆ ಹಚ್ಚುವ ಹೆಣ್ಣುಮಗಳು ಹದಿನೈದು ಅಭ್ಯರ್ಥಿಗಳ ಕಾಗದ ಓದಲಾರಳು. ಓದಬೇಕಿಲ್ಲ. ನಿಜವಾದ ಪೈಪೋಟಿಯಲ್ಲಿರುವವರು ಎಲ್ಲ ಕಡೆಯೂ ಇಬ್ಬರೋ ಮೂವರೋ. ಒಬ್ಬರಿಗೆ ಹತ್ತು ನಿಮಿಷದಂತೆ ಕೇಸು, ಆಸ್ತಿ, ಗುತ್ತಿಗೆ ಈ ಮೂರು ಭಾಗ ನೋಡಿದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಒಬ್ಬರೇ ಮಾಡುವ ಬದಲು ಹಂಚಿಕೊಳ್ಳಬಹುದು. ವಾರಕ್ಕೊಮ್ಮೆ ಸೇರುವ ಸ್ವಸಹಾಯ ಸಂಘದಲ್ಲಿ ಓದು ಬಲ್ಲ ಒಬ್ಬ ಹುಡುಗಿ ಗಟ್ಟಿಯಾಗಿ ಓದಿದರೆ ಇಪ್ಪತ್ತು ಮನೆಗೆ ಮುಟ್ಟುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಬರುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮತದಾನಕ್ಕೆ ಎರಡು ದಿನ ಇರುವಾಗ ಯಾರದೋ ದನಿಯಲ್ಲಿ ಬರುವ ಆಡಿಯೊ, ಎಲ್ಲಿಂದಲೋ ಕತ್ತರಿಸಿದ ವಿಡಿಯೊ ನಂಬಬೇಡಿ, ಮುಂದೆ ಕಳಿಸಬೇಡಿ. ಸಹಿ ಮಾಡಿ ಕೊಟ್ಟ ಕಾಗದ ಇರುವಾಗ ಸಹಿಯಿಲ್ಲದ ಮಾತಿಗೆ ಏಕೆ ಕಿವಿಗೊಡಬೇಕು?

ಪಂಚಾಯಿತಿಯಲ್ಲಿ ಲೆಕ್ಕ ಬೇರೆ

ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆಯೇ ಇಲ್ಲ. 2020ರಲ್ಲಿ ಅದು ನಡೆದದ್ದು ಡಿಸೆಂಬರ್ 22 ಮತ್ತು 27ರಂದು. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರ ನಂತರ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2021ರಲ್ಲಿ ಅವಧಿ ಮುಗಿದ ಮೇಲೆ ಅಲ್ಲಿ ಆಡಳಿತಾಧಿಕಾರಿಗಳೇ ಕುಳಿತರು. ಇದು ನಮ್ಮ ರಾಜ್ಯಕ್ಕೆ ತಕ್ಕದ್ದಲ್ಲ. ಹಾಗಾಗಿ ಈ ಸೀಮೆಯ ಹಳ್ಳಿಗಳ ಮತದಾರರಿಗೆ ಕೈಗೆಟಕುವ ಸರ್ಕಾರ ಎಂದರೆ ಗ್ರಾಮ ಪಂಚಾಯಿತಿಯೇ. ಇಲ್ಲಿ ಅಭ್ಯರ್ಥಿ ನೆರೆಮನೆಯವ, ಬೀಗ, ಇಲ್ಲವೇ ತರಗತಿಯ ಗೆಳೆಯ. ಆಸ್ತಿ ಎಷ್ಟು ಎಂದು ಜಾಲತಾಣದಲ್ಲಿ ನೋಡಬೇಕಿಲ್ಲ. ನೋಡಬೇಕಾದದ್ದು ಗ್ರಾಮಸಭೆ ನಡೆಯಿತೇ, ಜಮಾಬಂದಿಯಲ್ಲಿ ಲೆಕ್ಕ ಓದಿದರೇ, ಮನೆ ಹಂಚಿಕೆಯ ಪಟ್ಟಿಯಲ್ಲಿ ಯಾರ ಹೆಸರು ಬಂತು ಎಂಬುದನ್ನು. ಉದ್ಯೋಗ ಖಾತ್ರಿಯ ಹಾಜರಿ ಪಟ್ಟಿಯಲ್ಲಿ ಹೊಲಕ್ಕೇ ಹೋಗದವರ ಹೆಸರಿದ್ದರೆ ಅದು ಓಣಿಗೆಲ್ಲ ಗೊತ್ತಾಗುತ್ತದೆ. ಗೊತ್ತಿದ್ದೂ ಸಂಬಂಧಕ್ಕೆ ಕಟ್ಟುಬಿದ್ದು ಮತ ಹಾಕುವುದೇ ಇಲ್ಲಿನ ತೊಡಕು, ಮಾಹಿತಿಯ ಕೊರತೆಯಲ್ಲ.

ಈ ಭಾಗದ ಕಾಲೇಜು ಹುಡುಗ-ಹುಡುಗಿಯರಿಗೆ, ಮಾಸ್ತರರಿಗೆ, ಅಂಗಡಿ ಇಟ್ಟವರಿಗೆ ನನ್ನದೊಂದು ಕೋರಿಕೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳನ್ನು ಈಗ ‘ಅರಿವು ಕೇಂದ್ರ’ ಎಂದು ಕರೆಯುತ್ತಾರೆ. ಎಷ್ಟೋ ಕಡೆ ಕಂಪ್ಯೂಟರೂ ಇದೆ. ಮುಂದಿನ ವಿಧಾನಸಭಾ ಚುನಾವಣೆಗೆ ನಾಮಪತ್ರ ಹಿಂಪಡೆಯುವ ದಿನ ಮುಗಿದ ಮರುದಿನವೇ ನಿಮ್ಮ ಕ್ಷೇತ್ರದ ಪ್ರಮುಖ ಅಭ್ಯರ್ಥಿಗಳ ಅಫಿಡವಿಟ್ ಇಳಿಸಿಕೊಳ್ಳಿ. ಕೇಸು, ಆಸ್ತಿ, ಗುತ್ತಿಗೆ, ಸಾಲ ಇಷ್ಟನ್ನೇ ಕನ್ನಡದಲ್ಲಿ ಒಂದೊಂದು ಹಾಳೆಗೆ ಬರೆಯಿರಿ. ಎಲ್ಲ ಪಕ್ಷದವರದ್ದೂ ಇರಲಿ, ನಿಮ್ಮ ಟೀಕೆ-ಟಿಪ್ಪಣಿ ಒಂದೂ ಬೇಡ, ಅಂಕಿ ಅಂಕಿಯಾಗಿಯೇ ಇರಲಿ. ಅವನ್ನು ಓದಲು ಬರದವರಿಗೆ ಓದಿ ಹೇಳಿ. ಮತ್ತು ಇಂದೇ, ಈ ಪತ್ರಿಕೆ ಕೆಳಗಿಟ್ಟ ಮೇಲೆ, ಮತದಾರರ ಪಟ್ಟಿಯಲ್ಲಿ ನಿಮ್ಮ ಮನೆಯವರೆಲ್ಲರ ಹೆಸರು ಇದೆಯೇ ಎಂದು ನೋಡಿ.